ದೊಡ್ಡಮ್ಮ ಬಿಚ್ಚಿದ ಹದಿನಾಲ್ಕು ಹೊಲಿಗೆ

ದೊಡ್ಡಮ್ಮನ ಮನೆಗೆ ಬಂದು ಸೇರಿಕೊಂಡ ಮೊದಲ ವಾರದಲ್ಲೇ ನನ್ನ ಬುದ್ಧಿ ಎಷ್ಟರಮಟ್ಟಿನದು ಎಂಬುದು ಬೀದಿಗೆಲ್ಲ ಗೊತ್ತಾಗಿಹೋಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದೊಡ್ಡಮ್ಮ ಫೋನಿನಲ್ಲಿ ಯಾರಿಗೋ, ಬಾಬಿನ್‌ಗೆ ಕಾವು ಬಂದಿದೆ, ಮೂರು ದಿನದಿಂದ ಎದ್ದೇ ಇಲ್ಲ, ಸರಿಯಾಗಿ ತಿನ್ನುತ್ತಲೂ ಇಲ್ಲ ಎಂದು ಹೇಳುತ್ತಿದ್ದಳು. ಬಾಬಿನ್ ಎಂದರೆ, ಯಂತ್ರದ ದಾರದ ಉರುಳೆಯ ಹೆಸರಿಟ್ಟುಕೊಂಡ ಅವಳ ಕೋಳಿ ಎಂಬುದು ನನಗೆ ಗೊತ್ತಿತ್ತು. ಕಾವು ಎಂದರೆ ಮೈ ಕಾವು, ಅಂದರೆ ಜ್ವರ ಎಂದುಕೊಂಡೆ. ಸಂಜೆ ಔಷಧಿ ಅಂಗಡಿಯಲ್ಲಿ ನಿಂತು, ಎರಡು ಕಿಲೋ ತೂಗುವವರಿಗೆ ಜ್ವರದ ಮಾತ್ರೆ ಎಷ್ಟು ಕೊಡಬೇಕು ಎಂದು ಕೇಳಿದೆ. ಅಂಗಡಿಯವನು ಗಾಬರಿಯಾಗಿ, ಮಗು ಹುಟ್ಟಿ ಎಷ್ಟು ದಿನವಾಯಿತು ಎಂದ. ಮಗುವಲ್ಲ, ಕೋಳಿ ಎಂದೆ. ಅವನ ಮುಖದ ಗಾಬರಿ ಇನ್ನೂ ಹೆಚ್ಚಾಯಿತು.

ಬಾಬಿನ್ ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು, ಅಷ್ಟೇ. ಹಿತ್ತಲಲ್ಲಿ ಹುಂಜವೇ ಇಲ್ಲದ್ದರಿಂದ ಮರಿಯಾಗುವ ಪ್ರಶ್ನೆಯೂ ಇರಲಿಲ್ಲ. ನಾನು ಮೇಜಿನ ಮೇಲಿಟ್ಟ ಮಾತ್ರೆ ನೋಡಿ ದೊಡ್ಡಮ್ಮ ಯಂತ್ರಕ್ಕೆ ಹಣೆ ಹಚ್ಚಿ ನಕ್ಕಳು. ಅಂದಿನಿಂದ ಆ ಬೀದಿಯಲ್ಲಿ ನಾನು ಕೋಳಿ ಡಾಕ್ಟರು.

ಇಂಥ ಡಾಕ್ಟರಿರುವ ಮನೆಯ ಕೋಳಿಯನ್ನೇ ಹುಡುಕಿಕೊಂಡು ಬಂದು ನಾಯಿ ಕಚ್ಚಿತು.

ಅದಕ್ಕೆ ಮೊದಲು ದೊಡ್ಡಮ್ಮನ ವಿಷಯ ಹೇಳಬೇಕು. ಅವಳು ನನ್ನ ಅಮ್ಮನ ಅಕ್ಕ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಕಾಲಿನಲ್ಲಿ ತುಳಿಯುವ ಯಂತ್ರ, ಬಟ್ಟೆ ಕತ್ತರಿಸಲು ಉದ್ದ ಮೇಜು, ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಪ್ಯಾಂಟು, ಅಂಗಿ, ಕೋಟುಗಳು. ಹನ್ನೆರಡನೆಯ ವಯಸ್ಸಿಗೆ ಸೋದರಮಾವನ ಅಂಗಡಿಯಲ್ಲಿ ಕಾಜಾ ಹಾಕಲು ಕೂತವಳು. ನಾಲ್ಕು ವರ್ಷ ಬರೀ ಕಾಜಾ. ಊರಿನ ಗುಂಡಿಗಳಿಗೆಲ್ಲ ಮನೆ ಕಟ್ಟಿಕೊಟ್ಟೆ ಎನ್ನುತ್ತಾಳೆ. ದೊಡ್ಡಪ್ಪ ಅದೇ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು, ತೀರಿಕೊಂಡು ಒಂಬತ್ತು ವರ್ಷವಾಯಿತು. ಒಳ್ಳೆಯ ಮನುಷ್ಯ, ಆದರೆ ತೋಳನ್ನು ಯಾವಾಗಲೂ ಅರ್ಧ ಇಂಚು ಕಮ್ಮಿ ಕತ್ತರಿಸುತ್ತಿದ್ದರು ಎಂಬುದು ಅವರ ಬಗ್ಗೆ ಅವಳು ಹೇಳುವ ಒಂದೇ ಮಾತು.

ದೊಡ್ಡಮ್ಮನ ಹೆಮ್ಮೆಯೆಲ್ಲ ಒಂದೇ ವಿಷಯದಲ್ಲಿತ್ತು. ಅವಳು ಹಾಕಿದ ಹೊಲಿಗೆಯನ್ನು ಇದುವರೆಗೆ ಬಿಚ್ಚಬೇಕಾಗಿ ಬಂದಿಲ್ಲ. ಬೇರೆಯವರು ಕೆಡಿಸಿದ್ದನ್ನು ಬಿಚ್ಚಲು ಡ್ರಾಯರಿನಲ್ಲಿ ಅರ್ಧ ಬ್ಲೇಡು ಇತ್ತು. ತನ್ನದಕ್ಕೆ ಆ ಬ್ಲೇಡು ತಾಗಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು, ಅವರು ಕೇಳಲಿ ಬಿಡಲಿ.

ಕೋಳಿಗಳು ಮೂರು. ಎರಡಕ್ಕೆ ಹೆಸರಿಲ್ಲ. ಬಾಬಿನ್ ಮಾತ್ರ ದಿನವಿಡೀ ಅಂಗಡಿಯಲ್ಲಿ, ಯಂತ್ರದ ಪೆಡಲಿನ ಪಕ್ಕದಲ್ಲಿ, ಗಿರಾಕಿಗಳ ಮೇಲೆ ಒಂದು ಕಣ್ಣಿಟ್ಟು ಕೂತಿರುತ್ತಿತ್ತು. ಗಿರಾಕಿ ಮೆಟ್ಟಿಲಿಳಿದ ಮೇಲೆ ಅವರ ಸೊಂಟದ ಸುತ್ತಳತೆ ಹೋದ ವರ್ಷಕ್ಕಿಂತ ಎಷ್ಟು ಬೆಳೆದಿದೆ ಎಂದು ದೊಡ್ಡಮ್ಮ ಹೇಳುತ್ತಿದ್ದುದು ಬಾಬಿನ್‌ಗೆ, ನನಗಲ್ಲ. ನನಗೆ ಗುಟ್ಟು ನಿಲ್ಲುವುದಿಲ್ಲ ಎಂಬುದು ಅವಳ ತೀರ್ಮಾನ. ಅದು ಸರಿಯಾದ ತೀರ್ಮಾನವೇ ಆಗಿತ್ತು.

ನನ್ನದು ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಆರು ದಿನ ಊರವರ ಪೆಟ್ಟಿಗೆ ಎತ್ತಿ, ಏಳನೆಯ ದಿನ ನನ್ನ ಮೈಯನ್ನೇ ಎತ್ತಲಾಗದೆ ಬಿದ್ದುಕೊಂಡಿದ್ದು, ಮಧ್ಯಾಹ್ನ ಸ್ನಾನ ಮಾಡುವುದು ರೂಢಿ. ಆ ಭಾನುವಾರ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಹಿತ್ತಲಲ್ಲಿ ಕೋಳಿಗಳ ಅರಚಾಟ ಕೇಳಿಸಿತು. ಟವೆಲು ಸುತ್ತಿಕೊಂಡು ಮಗ್ಗು ಹಿಡಿದು ಓಡಿದೆ. ಪಕ್ಕದ ಮನೆಯ ವಕೀಲರ ಕಂದು ನಾಯಿ ಬಾಬಿನ್ನನ್ನು ಬಾಯಲ್ಲಿ ಹಿಡಿದು ಜಾಡಿಸುತ್ತಿತ್ತು. ಮಗ್ಗು ಎಸೆದೆ. ಅದು ನೀರಿನ ತೊಟ್ಟಿಗೆ ಬಿತ್ತು. ನನ್ನ ಹಿಂದಿನಿಂದ ಬಂದ ದೊಡ್ಡಮ್ಮ ಬಟ್ಟೆ ಅಳೆಯುವ ಮರದ ಪಟ್ಟಿಯಿಂದ ನಾಯಿಯ ಬೆನ್ನಿಗೆ ಒಂದು ಕೊಟ್ಟಳು. ಅದು ಕೋಳಿಯನ್ನು ಬಿಟ್ಟು, ಎರಡು ಮನೆಗಳ ನಡುವೆ ಕುಸಿದಿದ್ದ ಗೋಡೆ ಹಾರಿ ಹೋಯಿತು. ಆ ಗೋಡೆ ಯಾರದು ಎಂಬುದು ತೀರ್ಮಾನವಾಗದೆ ಐದು ವರ್ಷದಿಂದ ಹಾಗೇ ಬಿದ್ದಿದೆ.

ಬಾಬಿನ್ ಸತ್ತಿರಲಿಲ್ಲ. ಬೆನ್ನಿನ ಮೇಲೆ, ಬಾಲದ ಹತ್ತಿರ, ಅಂಗೈಯಗಲ ಚರ್ಮ ಕಿತ್ತು ಮಡಚಿಕೊಂಡಿತ್ತು. ಒಳಗೆ ಎರಡು ಕಡೆ ಹಲ್ಲು ಆಳಕ್ಕೆ ಇಳಿದಿತ್ತು. ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿಕೊಂಡವನು ಕಾವಲುಗಾರ. ಡಾಕ್ಟರು ನಾಳೆ ಬರುತ್ತಾರೆ, ಯಾವ ಪ್ರಾಣಿ ಎಂದ. ಕೋಳಿ ಎಂದೆ. ಮನೆಯಲ್ಲಿ ಒಲೆ ಇಲ್ಲವೇ ಎಂದು ಕೇಳಿದ.

ಈ ಮಾತನ್ನು ದೊಡ್ಡಮ್ಮನಿಗೆ ಹೇಳಬಾರದಿತ್ತು. ಹೇಳಿದೆ. ಅವಳು ಎದ್ದು ಒಂದು ಸಣ್ಣ ಸೂಜಿ ಮತ್ತು ರೇಷ್ಮೆ ದಾರ ತೆಗೆದು ಕುದಿಯುವ ನೀರಿಗೆ ಹಾಕಿದಳು. ಉಪ್ಪುನೀರಿನಲ್ಲಿ ಗಾಯ ತೊಳೆದಳು. ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಸವರಿದಳು. ಕೋಳಿಯನ್ನು ನಾನು ಹಿಡಿದುಕೊಂಡಿದ್ದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜದಲ್ಲಿ ಕಣ್ಣು ಮುಚ್ಚಿಕೊಂಡು ಮೇಜನ್ನು ಹಿಡಿದುಕೊಂಡಿದ್ದೆ. ಕೋಳಿ ನನ್ನ ಮೊಣಕೈಗೆ ಒರಗಿ ತಾನೇ ನಿಂತಿತ್ತು. ಹದಿನಾಲ್ಕು ಹೊಲಿಗೆ ಬಿತ್ತು. ಗಂಟು ಒಳಗೆ ಹೋಗಿತ್ತು. ಕಿತ್ತುಹೋದ ಚರ್ಮ ಎಲ್ಲಿ ಕೂಡಿದೆ ಎಂದು ಬೆರಳಿಟ್ಟು ಹುಡುಕಬೇಕು, ಅಷ್ಟು ಸಪೂರ.

"ಗೆರೆ ಕಾಣ್ತಿದೆಯೇನೋ?" ಎಂದಳು.

ಕಾಣುತ್ತಿಲ್ಲ ಎಂದೆ. ಆಗ ಕಣ್ಣು ತೆರೆದಿದ್ದೆ.

ಸಂಜೆ ವಕೀಲರ ಮನೆಗೆ ಹೋದೆ. ಹೇಳಬೇಕಾದ್ದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ದಾರಿ ಹತ್ತು ಹೆಜ್ಜೆಯದು, ಆದ್ದರಿಂದ ಮಾತು ಅಷ್ಟೇನೂ ಜೋಡಣೆಯಾಗಿರಲಿಲ್ಲ. ಸ್ನಾನದ ಮನೆಯಿಂದ ಶುರುಮಾಡಿ ಎಲ್ಲವನ್ನೂ ಪ್ರಾಮಾಣಿಕವಾಗಿ ವಿವರಿಸಿದೆ. ಅವರು ಕನ್ನಡಕ ಒರೆಸಿಕೊಂಡರು.

"ಕಚ್ಚಿದ್ದು ನನ್ನ ನಾಯೀನೇ ಅಂತ ನೀವು ಕಣ್ಣಾರೆ ನೋಡಿದ್ರಾ?"

"ನೋಡಿದೆ ಸರ್."

"ಕಣ್ಣಲ್ಲಿ ಸೋಪಿತ್ತು ಅಂದ್ರಿ ಈಗ."

ನಾಯಿ ಅವರ ಕುರ್ಚಿಯ ಕೆಳಗೆ ಮಲಗಿತ್ತು. ಅದರ ಮೂಗಿನ ಮೇಲೆ ಇನ್ನೂ ಒಂದು ಪುಕ್ಕ ಅಂಟಿಕೊಂಡಿತ್ತು. ಆ ಪುಕ್ಕವನ್ನು ತೋರಿಸಬೇಕು ಎಂದು ಹೊಳೆದದ್ದು ನಾನು ಮನೆಗೆ ಬಂದ ಮೇಲೆ. ಹೊರಡುವಾಗ ಕ್ಷಮೆ ಬೇರೆ ಕೇಳಿ ಬಂದಿದ್ದೆ. ಯಾತಕ್ಕೆ ಎಂದು ದೊಡ್ಡಮ್ಮ ಕೇಳಿದಳು. ವಕೀಲರ ಹೊಸ ಕರಿ ಕೋಟು ಅವಳ ಮೇಜಿನ ಮೇಲೇ ಇತ್ತು. ಅದನ್ನು ಹೊಲಿಯಬೇಡ, ವಾಪಸು ಕಳಿಸು ಎಂದೆ. ಕಚ್ಚಿದ್ದು ನಾಯಿ, ಕೋಟಲ್ಲ ಎಂದು ಅವಳು ಕಾಲರಿಗೆ ಕೈ ಹಾಕಿದಳು.

ಮೊದಲ ಎರಡು ದಿನ ಅಂಗಡಿಯಲ್ಲಿ ಜಾತ್ರೆ. ಬಂದ ಗಿರಾಕಿಗಳಿಗೆಲ್ಲ ದೊಡ್ಡಮ್ಮ, ಕೋಳಿಯನ್ನು ಮಲಗಿಸಿದ್ದ ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದು ಬಾಬಿನ್‌ನ ಬೆನ್ನು ತೋರಿಸಿದಳು. ಬ್ಯಾಂಕಿನ ಕಾವಲುಗಾರ ತನ್ನ ಸಮವಸ್ತ್ರದ ಪ್ಯಾಂಟಿಗೆ ಇಷ್ಟು ಚೆನ್ನಾಗಿ ಹೊಲಿದಿಲ್ಲ ಎಂದು ದೂರಿದ. ಬಾಬಿನ್ ನಿಂತಿತು, ನೀರು ಕುಡಿಯಿತು. ನಾನೂ ಕಚೇರಿಯಲ್ಲಿ, ಹೊಲಿದದ್ದು ನಾವು ಎಂಬ ಬಹುವಚನ ಬಳಸತೊಡಗಿದ್ದೆ.

ಮೂರನೆಯ ದಿನ ಅದು ತಿನ್ನುವುದನ್ನು ಬಿಟ್ಟಿತು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ದೊಡ್ಡಮ್ಮನ ಪ್ರಕಾರ ತಪ್ಪು ನಾನು ತಂದ ನುಚ್ಚಿನದು. ನುಚ್ಚು ಬದಲಾಯಿಸಿದೆ. ತಪ್ಪು ಪೆಟ್ಟಿಗೆಯದು, ಅದಕ್ಕೆ ಅಂಟಿನ ವಾಸನೆ ಎಂದಳು. ಕಚೇರಿಯಿಂದ ಬೇರೆ ಪೆಟ್ಟಿಗೆ ತಂದೆ. ಆಮೇಲೆ ತಪ್ಪು ಫ್ಯಾನಿನ ಗಾಳಿಯದಾಯಿತು. ಫ್ಯಾನು ನಿಲ್ಲಿಸಿ ಇಬ್ಬರೂ ಬೆವರಿದೆವು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ ಅದರ ಮುಂದೆ ಹಿಡಿದೆ. ಅದು ನನ್ನನ್ನು ನೋಡಿದ ರೀತಿಯಲ್ಲಿ ಇದು ಯಾರ ಮೊಟ್ಟೆ ಎಂಬ ಪ್ರಶ್ನೆ ಇತ್ತು. ಹನಿ ಹಾಕುವ ಕೊಳವೆಯಿಂದ ನೀರು ಕುಡಿಸಲು ಹೋದರೆ ತಲೆ ಕೊಡವಿ ಅಷ್ಟನ್ನೂ ನನ್ನ ಅಂಗಿಗೆ ಕುಡಿಸಿತು. ಅಂಗಿ ಬದಲಿಸಿದೆ, ಬದಲಿಸಿದ ಅಂಗಿಯ ಮೇಲೆ ಹಿಕ್ಕೆ ಹಾಕಿತು. ಎರಡು ದಿನವೂ ಕೆಲಸಕ್ಕೆ ತಡವಾಗಿ ಹೋದೆ. ಮೇಲ್ವಿಚಾರಕರು ಕಾರಣ ಕೇಳಿದಾಗ ಮನೆಯಲ್ಲಿ ಕಾಯಿಲೆ ಎಂದೆ. ಯಾರಿಗೆ ಎಂದರು. ಉತ್ತರ ಕೊಟ್ಟ ಮೇಲೆ ಅವರು ನನ್ನೊಂದಿಗೆ ಆ ವಾರವಿಡೀ ಮಾತಾಡಲಿಲ್ಲ. ಜೊತೆಯವರು ಮಾತ್ರ ನಾನು ಹತ್ತಿರ ಬಂದಾಗಲೆಲ್ಲ ಮೂಗು ಹಿಡಿದುಕೊಂಡು, ಡಾಕ್ಟ್ರು ಬಂದ್ರು ಜಾಗ ಬಿಡಿ ಎನ್ನುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದರೆ ವಾಸನೆ ಬಂತು. ಹಿಕ್ಕೆಯದಲ್ಲ, ಬೇರೆ. ಬಾಬಿನ್ ಕುತ್ತಿಗೆಯನ್ನು ಮೈಯೊಳಗೆ ಎಳೆದುಕೊಂಡು ಅರ್ಧ ಕಣ್ಣು ಮುಚ್ಚಿ ಕೂತಿತ್ತು. ಹೊಲಿಗೆಯ ಸುತ್ತ ಚರ್ಮ ಬಿಗಿದು ಉಬ್ಬಿತ್ತು. ಗಾಯ ಒಳಗಿಂದ ಕೆಟ್ಟಿದೆ ಎಂದೆ.

"ಹೊಲಿಗೆ ಸರಿಯಾಗಿದೆ. ಒಂದಾದರೂ ಬಿಟ್ಟಿದೆಯಾ ತೋರಿಸು," ಎಂದಳು.

ಒಂದೂ ಬಿಟ್ಟಿರಲಿಲ್ಲ. ನನ್ನ ಕಷ್ಟವೂ ಅದೇ ಆಗಿತ್ತು. ಹೊರಗಿನಿಂದ ನೋಡಿದರೆ ತಪ್ಪು ಹುಡುಕಲು ಜಾಗವೇ ಇರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದೆ. ಬೇಡ ಎಂದಳು. ಏಕೆ ಎಂದೆ. ಒಲೆ ಇಲ್ಲವೇ ಎಂದು ಕೇಳಿದವರ ಹತ್ತಿರ ಹೋಗುವುದಿಲ್ಲ ಎಂದಳು. ಆಮೇಲೆ ಕೋಟಿನ ಗಡುವು ಎಂದಳು. ಅದೂ ಸಾಲದೆ ನಾನು ಆ ಕೋಳಿಯನ್ನು ಮೊದಲ ದಿನದಿಂದಲೇ ಕಂಡರಾಗದವನು ಎಂದಳು. ಎರಡು ಅಂಗಿ, ಎರಡು ದಿನದ ಹಾಜರಿ, ಒಬ್ಬ ಮೇಲ್ವಿಚಾರಕರ ಸ್ನೇಹ ಕಳೆದುಕೊಂಡವನಿಗೆ ಈ ಮಾತು. ನನಗೆ ತಡೆಯಲಾಗಲಿಲ್ಲ.

"ನಿನಗೆ ಕೋಳಿ ಬೇಕೋ ಹೊಲಿಗೆ ಬೇಕೋ ಹೇಳಿಬಿಡು ದೊಡ್ಡಮ್ಮ. ಎರಡೂ ಉಳಿಯಲ್ಲ."

ಅವಳು ಯಂತ್ರದ ಚಕ್ರವನ್ನು ಕೈಯಿಂದ ತಡೆದು ಕೂತಳು. ನಾನು ಹೆದರಿ, ತಿಂಡಿಯ ತಟ್ಟೆ ತೊಳೆಯುವ ನೆವದಲ್ಲಿ ಒಳಗೆ ಹೋದೆ. ಹಿಂದಿರುಗಿದಾಗ ಅವಳು ಚಪ್ಪಲಿ ಮೆಟ್ಟಿ, ಬಾಬಿನ್ ಇದ್ದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಆ ಪೆಟ್ಟಿಗೆಯ ಮೇಲೆ ನಮ್ಮ ಕಚೇರಿಯ ಚೀಟಿ ಇನ್ನೂ ಅಂಟಿತ್ತು: ಒಡೆಯುವ ವಸ್ತು, ಎಚ್ಚರಿಕೆಯಿಂದ ಎತ್ತಿ. ದಾರಿಯಲ್ಲಿ ನಾನೇ ಹೊತ್ತೆ. ಆಸ್ಪತ್ರೆಯ ಗುಮಾಸ್ತರ ಹತ್ತಿರ ಒಂದು ಅರ್ಜಿ ಇತ್ತು. ಅದರಲ್ಲಿ ದನ, ಎಮ್ಮೆ, ಮೇಕೆ, ನಾಯಿ, ಬೆಕ್ಕು, ಇತರೆ ಎಂಬ ಕಾಲಂಗಳು. ಇತರೆ ಎಂದರೆ ಏನೆಂದು ಬರೆಯಬೇಕು, ಬರೆದರೆ ತೂಕ ಬೇಕು, ತೂಕದ ಯಂತ್ರ ದನದ್ದು. ಅದರ ಮೇಲೆ ಬಾಬಿನ್ನನ್ನಿಟ್ಟರೆ ಮುಳ್ಳು ಅಲುಗಲೇ ಇಲ್ಲ. ಹಾಗಾದರೆ ಸೊನ್ನೆ ಬರೆಯಲೇ ಎಂದರು ಗುಮಾಸ್ತರು. ದೊಡ್ಡಮ್ಮ ಅವರ ಕೈಯಿಂದ ಪೆನ್ನು ಕಿತ್ತುಕೊಂಡು ಒಂದೂಮುಕ್ಕಾಲು ಎಂದು ತಾನೇ ಬರೆದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹತ್ತಿರಕ್ಕೆಳೆದುಕೊಂಡು ಬೆನ್ನಿನ ಮೇಲೆ ಬಗ್ಗಿ ನೋಡಿ, ಇದನ್ನು ಹೊಲಿದವರು ಯಾರು ಎಂದು ಕೇಳಿದರು. ನಾನು ಎಂದಳು ದೊಡ್ಡಮ್ಮ, ಸೆಟೆದು ನಿಂತು.

"ನನಗೂ ಇಷ್ಟು ಚೆನ್ನಾಗಿ ಬರಲ್ಲ ಅಮ್ಮ. ಅದೇ ತೊಂದರೆ ಆಗಿರೋದು."

ಆಮೇಲೆ ನಿಧಾನವಾಗಿ ವಿವರಿಸಿದರು. ನಾಯಿಯ ಹಲ್ಲು ಇಳಿದ ಕಡೆ ಕೊಳೆಯೂ ಜೊತೆಗೇ ಇಳಿದಿರುತ್ತದೆ. ಅಂಥ ಗಾಯವನ್ನು ಹೀಗೆ ಪೂರ್ತಿ ಮುಚ್ಚಬಾರದು, ಒಳಗಿನದು ಹೊರಗೆ ಬರಲು ದಾರಿ ಬಿಡಬೇಕು. ಅಡ್ಡಾದಿಡ್ಡಿಯಾಗಿ ಹೊಲಿದಿದ್ದರೂ ಸಂದಿಯಲ್ಲಿ ಕೀವು ಸೋರಿಹೋಗುತ್ತಿತ್ತು. ಇಲ್ಲಿ ಗಾಳಿ ಹೋಗಲೂ ಸಂದಿಯಿಲ್ಲ. ಈಗಲೇ ಎಲ್ಲ ಬಿಚ್ಚಿ ತೊಳೆಯಬೇಕು. ಆದರೂ ಉಳಿಯುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು.

ಡಾಕ್ಟರು ಕತ್ತರಿಯ ತುದಿಯನ್ನು ಮೊದಲ ಹೊಲಿಗೆಯೊಳಗೆ ತೂರಿಸಲು ನೋಡಿದರು. ತೂರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರು, ಬಾಬಿನ್ ಕೊಸರಾಡಿತು.

"ನೀವು ಬಿಡಿ ತಾಯಿ. ಅದು ಎಲ್ಲಿ ಬಿಡುತ್ತೆ ಅಂತ ನನಗೆ ಗೊತ್ತು," ಎಂದು ದೊಡ್ಡಮ್ಮ ಕೈ ಚಾಚಿದಳು.

ಡಾಕ್ಟರು ಕೈಗವಸು ಕೊಟ್ಟು ಬ್ಲೇಡು ಕೊಟ್ಟರು. ಈ ಸಲ ಕೋಳಿಯನ್ನು ನಾನು ನಿಜವಾಗಿಯೂ ಹಿಡಿದುಕೊಂಡಿದ್ದೆ, ಕಣ್ಣೂ ತೆರೆದಿತ್ತು. ದೊಡ್ಡಮ್ಮ ಒಳಗಿನ ಗಂಟನ್ನು ಹುಡುಕಿ ಕತ್ತರಿಸಿದಳು. ಒಂದೊಂದಾಗಿ ದಾರ ಎತ್ತಿ ಎಳೆದಳು. ಪ್ರತಿ ಸಲವೂ ತನ್ನಷ್ಟಕ್ಕೆ ಗೊಣಗುತ್ತಿದ್ದಳು, ಕೆಲಸ ಕೆಡಿಸಿದ ಇನ್ನಾರನ್ನೋ ಬೈಯುವ ಹಾಗೆ: ಎಷ್ಟು ಒತ್ತಾಗಿ ಹಾಕಿದ್ದಾಳೆ ನೋಡು, ಏನು ಅವಸರ ಇತ್ತು ಇವಳಿಗೆ. ಏಳನೆಯದು ಬಿಚ್ಚಿದಾಗ ಕೀವು ಉಕ್ಕಿ ಬಂತು. ಡಾಕ್ಟರು ಒರೆಸಿದರು. ದೊಡ್ಡಮ್ಮ ಎಂಟನೆಯದಕ್ಕೆ ಕೈ ಹಾಕಿದಳು. ಹದಿನಾಲ್ಕೂ ಬಿಚ್ಚಿದ ಮೇಲೆ ಆ ದಾರದ ತುಂಡುಗಳನ್ನು ಕಸದ ಬುಟ್ಟಿಗೆ ಹಾಕಿ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಆಮೇಲಿನ ಹದಿನೈದು ದಿನ ಹೇಗೆ ಕಳೆದೆವು ಎಂದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ದಿನಕ್ಕೆ ಎರಡು ಸಲ ಆ ತೆರೆದ ಗಾಯವನ್ನು ಔಷಧಿಯ ನೀರಿನಿಂದ ತೊಳೆಯಬೇಕು. ಎರಡು ಸಲ ಕೊಕ್ಕು ಬಿಡಿಸಿ ಹನಿ ಹಾಕಬೇಕು. ನೊಣ ಕೂರಬಾರದು. ಹೆಸರಿಲ್ಲದ ಆ ಎರಡು ಕೋಳಿಗಳ ಹತ್ತಿರ ಬಿಡಬಾರದು, ಅವು ಗಾಯ ಕಂಡರೆ ಕುಕ್ಕುತ್ತವೆ. ಔಷಧಿ ನಡೆಯುವಷ್ಟು ದಿನ, ನಿಂತ ಮೇಲೂ ಕೆಲವು ದಿನ, ಮೊಟ್ಟೆ ತಿನ್ನಬಾರದು ಎಂದಿದ್ದರು. ಬಾಬಿನ್ ಮೊಟ್ಟೆಯಿಡುವ ಯೋಚನೆಯಲ್ಲೇ ಇರಲಿಲ್ಲ. ಒಂದು ದಿನ ಚೂರು ತಿನ್ನುತ್ತಿತ್ತು, ನಾವು ಹಿಗ್ಗುತ್ತಿದ್ದೆವು. ಮರುದಿನ ನುಚ್ಚಿಗೆ ಬೆನ್ನು ತಿರುಗಿಸಿ ಕೂರುತ್ತಿತ್ತು. ಯಾವುದಕ್ಕೆ ಕೋಪ, ಯಾವುದಕ್ಕೆ ನೋವು ಎಂದು ಅದು ಹೇಳುವುದಿಲ್ಲ, ನಾವು ಬಿಡುವುದಿಲ್ಲ. ಮಿಕ್ಕ ಸಿಟ್ಟನ್ನು ಒಬ್ಬರ ಮೇಲೊಬ್ಬರು ತೀರಿಸಿಕೊಳ್ಳುತ್ತಿದ್ದೆವು. ನೀರು ಬಿಸಿಯಾಯಿತು ಎಂದು ಅವಳು, ತಣ್ಣಗಾಯಿತು ಎಂದು ನಾನು. ಅಷ್ಟಾದರೂ ಹೊಲಿಗೆಯ ಮಾತು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂಗಡಿಗೆ ಬಂದವರು ಬೆನ್ನು ತೋರಿಸಿ ಎಂದರೆ ಅದು ಮಲಗಿದೆ ಎನ್ನುತ್ತಿದ್ದಳು.

ಗಾಯಕ್ಕೆ ಹೊದಿಸಲು ಹಗುರವಾದ ಒಂದು ಹೊದಿಕೆ ಬೇಕಾಯಿತು. ದೊಡ್ಡಮ್ಮ ಟೇಪು ಹಿಡಿದು ಬಾಬಿನ್‌ನ ಎದೆ, ಬೆನ್ನು, ರೆಕ್ಕೆಯ ಬುಡ ಅಳೆದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದುಕೊಂಡಳು. ವಕೀಲರ ಕೋಟಿನ ಒಳಬಟ್ಟೆಯಲ್ಲಿ ಮಿಕ್ಕಿದ್ದ ಕರಿ ಮಿರುಗಿನ ತುಂಡಿನಲ್ಲಿ ಒಂದು ಪುಟ್ಟ ಅಂಗಿ ಮಾಡಿದಳು. ಅದಕ್ಕೆ ಹಾಕಿದ್ದು ಕಚ್ಚಾ ಹೊಲಿಗೆ. ಬಟ್ಟೆ ನಿಲ್ಲಲೆಂದು ಮೊದಲು ಹಾಕಿ ಆಮೇಲೆ ಎಳೆದುಬಿಡುವ, ಬೆರಳಗಲದ, ಒರಟು ಹೊಲಿಗೆ. ತೊಳೆಯುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು, ತೊಳೆದ ಮೇಲೆ ಮತ್ತೆ ಹಾಕುತ್ತಿದ್ದಳು. ದಿನಕ್ಕೆರಡು ಸಲ, ತುಟಿ ಬಿಗಿಹಿಡಿದು.

ಹದಿನಾರನೆಯ ದಿನ ಬಾಬಿನ್ ನುಚ್ಚಿನ ಬಟ್ಟಲನ್ನು ಖಾಲಿ ಮಾಡಿ, ಬಟ್ಟಲು ಹಿಡಿದಿದ್ದ ನನ್ನ ಹೆಬ್ಬೆರಳನ್ನೂ ಕುಕ್ಕಿತು. ರಕ್ತ ಬಂತು. ದೊಡ್ಡಮ್ಮ ನನ್ನ ಬೆರಳು ಬಿಟ್ಟು ಅದರ ಕೊಕ್ಕು ನೋಡಿದಳು. ಡಾಕ್ಟರಿಗೆ ತೋರಿಸಿದಾಗ, ಗಾಯ ತಳದಿಂದ ತುಂಬಿಕೊಂಡು ಬರುತ್ತಿದೆ, ಇನ್ನು ಭಯವಿಲ್ಲ, ಆದರೆ ಆ ಜಾಗದಲ್ಲಿ ಪುಕ್ಕ ಬರುವುದು ಅನುಮಾನ ಎಂದರು.

ಆ ಸಂತೋಷದಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ಹಾಲಿನ ಅಂಗಡಿಯ ಮುಂದೆ ವಕೀಲರು ಸಿಕ್ಕಿ, ಕೋಳಿ ಹೇಗಿದೆ ಎಂದು ಕೇಳಿದರು. ಕೇಳಿದ ದನಿ ಮೃದುವಾಗಿತ್ತು. ಡಾಕ್ಟರು ಹೇಳಿದ್ದನ್ನು, ಹದಿನಾಲ್ಕು ಹೊಲಿಗೆ ಬಿಚ್ಚಿದ್ದನ್ನು, ಏಳನೆಯದರಲ್ಲಿ ಕೀವು ಬಂದದ್ದನ್ನು ಅಷ್ಟೂ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಹೇಳಿದ್ದು ಯಾರಿಗೆ ಎಂಬುದು ಹೊಳೆದದ್ದು ಅರ್ಧ ದಾರಿಗೆ ಬಂದ ಮೇಲೆ.

ಮರುದಿನ ಸಂಜೆ ಅವರು ಕೋಟಿಗೆ ಬಂದರು. ಅಂಗಡಿಯಲ್ಲಿ ಬ್ಯಾಂಕಿನ ಕಾವಲುಗಾರ ಇದ್ದ, ಶಾಲೆಯ ಟೀಚರೊಬ್ಬರು ಪರದೆಯ ಬಟ್ಟೆ ಹಿಡಿದು ಕಾಯುತ್ತಿದ್ದರು. ವಕೀಲರು ಕೋಟು ತೊಟ್ಟು ಕನ್ನಡಿಯಲ್ಲಿ ಭುಜ ನೋಡಿಕೊಂಡರು. ಕನ್ನಡಿಯ ಕೆಳತುದಿಯಲ್ಲಿ, ಪೆಡಲಿನ ಪಕ್ಕ, ತಮ್ಮದೇ ಕೋಟಿನ ಒಳಬಟ್ಟೆ ತೊಟ್ಟ ಕೋಳಿ ಕಾಣಿಸಿರಬೇಕು. ತಿರುಗಿ ನಿಂತರು.

"ಇದು ನನ್ನ ಬಟ್ಟೆ ಅಲ್ವಾ?"

ಮಿಕ್ಕ ತುಂಡು ಎಂದಳು ದೊಡ್ಡಮ್ಮ. ಬೇಕಾದರೆ ಬಿಚ್ಚಿಕೊಡುತ್ತೇನೆ, ಆದರೆ ಒಗೆಯಬೇಕು ಎಂದೂ ಸೇರಿಸಿದಳು. ಕಾವಲುಗಾರ ಕೆಮ್ಮಿದ. ದೊಡ್ಡಮ್ಮ ಕೋಟಿನ ಬೆನ್ನಿನ ಮೇಲಿದ್ದ ಸೀಮೆಸುಣ್ಣ ಒರೆಸುತ್ತ, ಇನ್ನು ಮೇಲಾದರೂ ನಾಯಿಯನ್ನು ಕಟ್ಟಿಹಾಕಿ, ಆ ಕೋಳಿ ಸಾವಿನ ಬಾಯಿಗೆ ಹೋಗಿ ಬಂದಿದೆ ಎಂದಳು.

ವಕೀಲರು ಇದಕ್ಕೇ ಕಾದಿದ್ದರು. ಗುಂಡಿ ಹಾಕಿಕೊಂಡು, ಕೋಣೆಗೆಲ್ಲ ಕೇಳುವಂತೆ, ಎಳೆದು ಎಳೆದು ಮಾತಾಡಿದರು.

"ಕಟ್ಟೋಣ. ಅದಕ್ಕೆ ಮೊದಲು ಒಂದು ವಿಷಯ ಇತ್ಯರ್ಥ ಆಗಲಿ ಟೈಲರಮ್ಮ. ಹೊಲಿಗೆ ಹಾಕಿದ್ದರಿಂದಲೇ ಒಳಗೆ ಕೊಳೀತು ಅಂತ ಡಾಕ್ಟರು ಹೇಳಿದರಂತೆ. ನಿಮ್ಮ ಹುಡುಗನೇ ಹೇಳಿದ. ಈಗ ಎಲ್ಲರ ಮುಂದೆ ನೀವೇ ಹೇಳಿ, ಕೋಳಿ ಸಾಯೋ ಹಾಗಾಗಿದ್ದು ನನ್ನ ನಾಯಿಯಿಂದಲೋ, ನಿಮ್ಮ ಸೂಜಿಯಿಂದಲೋ?"

ನಾನು ನೆಲ ನೋಡಿದೆ. ನೆಲದಲ್ಲಿ ಬಾಬಿನ್ ಇತ್ತು, ಅದೂ ನನ್ನನ್ನೇ ನೋಡುತ್ತಿತ್ತು. ಟೀಚರು ಪರದೆಯ ಬಟ್ಟೆಯನ್ನು ಸುಮ್ಮಸುಮ್ಮನೆ ಮಡಚತೊಡಗಿದರು. ಆ ಕೋಣೆಯಲ್ಲಿದ್ದವರೆಲ್ಲ ದೊಡ್ಡಮ್ಮನ ಬಿಚ್ಚದ ಹೊಲಿಗೆಯ ಕಥೆಯನ್ನು ಹತ್ತಾರು ಸಲ ಕೇಳಿದವರು. ನಾಯಿಯಿಂದ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು; ಡಾಕ್ಟರೇನೂ ಅಲ್ಲಿರಲಿಲ್ಲ, ನನ್ನ ಸಾಕ್ಷ್ಯಕ್ಕೆ ಬೀದಿಯಲ್ಲಿ ಎಷ್ಟು ಬೆಲೆಯಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮ ವಕೀಲರ ಕಾಲರು ಸರಿಮಾಡುತ್ತಿದ್ದ ಕೈಯನ್ನು ತೆಗೆಯಲಿಲ್ಲ.

"ಸೂಜಿಯಿಂದಲೇ," ಎಂದಳು. "ನಿಮ್ಮ ನಾಯಿಗೆ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು?"